ಜೆಟ್ ಬದಲಿಸದೆ ಎಣ್ಣೆ ಬದಲಿಸಿದವರು

ವಾಳೂಜ್ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡೇ ಇರುವ ರಾಂಜಣಗಾಂವ್‌ನಲ್ಲಿ ನಮ್ಮ ಕಡೆಯ ಹುಡುಗನೊಬ್ಬನ ಗ್ಯಾರೇಜ್ ಇದೆ. ನಮ್ಮ ಕಡೆ ಅಂದರೆ ಆಳಂದ. ಹಗಲು ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ನೋಡಿಕೊಳ್ಳುತ್ತಾನೆ, ಸಂಜೆ ಬೈಕ್ ರಿಪೇರಿ ಮಾಡುತ್ತಾನೆ, ಭಾನುವಾರ ಡ್ರ್ಯಾಗ್ ಬೈಕಿನ ಹುಚ್ಚು. ಹೋದ ವರ್ಷ ಅವನು ಒಂದು ಹಳೆಯ ಕಾರ್ಬ್ಯುರೇಟರ್ ಬೈಕಿನ ಇಂಜಿನ್ನನ್ನು ಪೆಟ್ರೋಲಿನಿಂದ ಮೆಥನಾಲ್‌ಗೆ ಬದಲಿಸಿದ. ಎಂಟು ಭಾನುವಾರ ಹಿಡಿಯಿತು. ನಾನು ನಿವೃತ್ತ, ಬೇರೆ ಕೆಲಸವಿಲ್ಲ. ಎಂಟೂ ಭಾನುವಾರ ಸ್ಟೂಲಿನ ಮೇಲೆ ಕೂತು ನೋಡಿದೆ.

ಮೊದಲನೇ ದಿನವೇ ಕೇಳಿದೆ: ಮೆಥನಾಲ್ ತಂದು ಟ್ಯಾಂಕಿಗೆ ಸುರಿದರೆ ಆಯಿತಲ್ಲ, ಇಷ್ಟೆಲ್ಲ ಬಿಚ್ಚುವುದು ಯಾಕೆ? ಅವನು ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದ. "ಕಾಕಾ, ಎಣ್ಣಿ ಬದಲು ಮಾಡೂದಂದ್ರ ಅರ್ಧಾ ಇಂಜಿನ್ ಬದಲು ಮಾಡಿದಂಗ್ರಿ. ಜೆಟ್ ಮುಟ್ಟಲಾರದ ಮೆಥನಾಲ್ ಹಾಕಿದ್ರ ಪಿಸ್ಟನ್ನಿಗಿ ತೂತು ಬೀಳ್ತದ."

ಈ ಲೇಖನ ಅವನ ಆ ಮಾತಿನ ಮೇಲೆಯೇ ನಿಂತಿದೆ. ಒಂದು ಬೈಕಿನ ಇಂಧನ ಬದಲಿಸಲು ಆಳಂದದ ಹುಡುಗನಿಗೆ ಎಂಟು ಭಾನುವಾರ ಬೇಕಾಯಿತು. ಇಡೀ ದೇಶದ ಬೈಕುಗಳ ಇಂಧನವನ್ನು ಸರ್ಕಾರ ಬದಲಿಸಿತು, ಒಂದೇ ಒಂದು ಸ್ಕ್ರೂ ತಿರುಗಿಸದೆ. ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆಲ್ಕೋಹಾಲ್ ಒಳ್ಳೆಯ ಇಂಧನವೇ. ಆದರೆ ಅದರ ಒಳ್ಳೆಯ ಗುಣಗಳು ತಿದ್ದಿದ ಇಂಜಿನ್ನಿಗೆ ಮಾತ್ರ ಸಿಗುತ್ತವೆ, ತಿದ್ದದ ಇಂಜಿನ್ನಿಗೆ ಉಳಿಯುವುದು ಅದರ ದೋಷಗಳು ಮಾತ್ರ. ರೇಸಿನವರಿಗೆ ನೂರು ವರ್ಷದಿಂದ ಗೊತ್ತಿರುವ ಈ ಸಂಗತಿ ದೆಹಲಿಯ ಕಾಗದಗಳಲ್ಲಿಯೂ ಬರೆದಿದೆ. ಬರೆದಿದ್ದನ್ನು ಪಾಲಿಸಲಿಲ್ಲ, ಅಷ್ಟೇ.

ಆ ಹುಡುಗ ಏನೇನು ಮಾಡಿದ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದು ಗೊತ್ತಾದರೆ ನಮ್ಮ ನಿಮ್ಮ ಬೈಕಿನಲ್ಲಿ ಏನಾಗುತ್ತಿದೆ ಎಂಬುದೂ ಗೊತ್ತಾಗುತ್ತದೆ.

ಇಂಜಿನ್ ಅನ್ನುವುದು ಮೂಲತಃ ಗಾಳಿ ಎಳೆಯುವ ಯಂತ್ರ. ಎಷ್ಟು ಗಾಳಿ ಒಳಗೆ ಬಂತೋ ಅದಕ್ಕೆ ತಕ್ಕಷ್ಟು ಇಂಧನ ಸುಡಬಹುದು. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲ್‌ಗೆ 9 ಕೆಜಿ ಸಾಕು. ಮೆಥನಾಲ್‌ಗೆ ಆರೂವರೆ ಕೆಜಿಗೂ ಕಡಿಮೆ. ಯಾಕೆಂದರೆ ಆಲ್ಕೋಹಾಲಿನ ಅಣುವಿನೊಳಗೇ ಆಮ್ಲಜನಕ ಇದೆ. ಅದು ಅರ್ಧ ಉರಿದು ಬಂದ ಕಟ್ಟಿಗೆ ಇದ್ದ ಹಾಗೆ. ಹೀಗಾಗಿ ಅದೇ ಸಿಲಿಂಡರಿಗೆ, ಅದೇ ಗಾಳಿಗೆ, ಮೆಥನಾಲ್ ಎರಡು ಪಟ್ಟಿಗಿಂತ ಹೆಚ್ಚು ಹೋಗಬೇಕು. ಕಾರ್ಬ್ಯುರೇಟರಿನಲ್ಲಿ ಇಂಧನ ಅಳೆದು ಕೊಡುವುದು ಜೆಟ್ ಎಂಬ ಹಿತ್ತಾಳೆಯ ತುಂಡು, ಸೂಜಿಯ ಮೊನೆಯಷ್ಟು ತೂತಿರುವ ಒಂದು ಪುಟ್ಟ ಸ್ಕ್ರೂ. ಅದರ ತೂತು 1.2 ಮಿಲಿಮೀಟರ್ ಇದ್ದರೆ 1.8ರ ಹತ್ತಿರಕ್ಕೆ ಹೋಗಬೇಕು. ವ್ಯಾಸ ಒಂದೂವರೆ ಪಟ್ಟಾದರೆ ತೂತಿನ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ. ಜೆಟ್ ದೊಡ್ಡದು ಮಾಡಿದರೆ ಸಾಲದು. ಫ್ಲೋಟ್ ಬಟ್ಟಲಿಗೆ ಇಂಧನ ಬಿಡುವ ಸೂಜಿ ಕವಾಟವೂ ದೊಡ್ಡದಾಗಬೇಕು, ಟ್ಯಾಂಕಿನ ಕೀಲಿ, ಪೈಪು ಕೂಡ. ಇಲ್ಲದಿದ್ದರೆ ಓಟದ ಅರ್ಧದಲ್ಲಿ ಬಟ್ಟಲು ಬರಿದಾಗಿ, ಮಿಶ್ರಣದಲ್ಲಿ ಇಂಧನ ಕಡಿಮೆಯಾಗಿ ಗಾಳಿ ಹೆಚ್ಚಾಗುತ್ತದೆ. ಹಾಗೆ ತೆಳುವಾದ ಮಿಶ್ರಣದಲ್ಲಿ ಇಂಜಿನ್ ಕಾಯುತ್ತದೆ, ಪಿಸ್ಟನ್ ಕರಗುತ್ತದೆ. ಹುಡುಗ ಹೇಳಿದ ತೂತು ಅದೇ.

ಆಮೇಲೆ ಕಂಪ್ರೆಶನ್. ಒಂಬತ್ತೂವರೆಯ ಆಸುಪಾಸಿನಲ್ಲಿದ್ದ ಕಂಪ್ರೆಶನ್ ಅನುಪಾತವನ್ನು ಅವನು ಬೇರೆ ಪಿಸ್ಟನ್ ಹಾಕಿ, ಹೆಡ್ಡನ್ನು ಲೇತಿನ ಮೇಲೆ ತೆಳುವಾಗಿ ಕೊರೆದು ಹದಿಮೂರರ ಮೇಲಕ್ಕೆ ಒಯ್ದ. ಇದು ಎಲ್ಲಕ್ಕಿಂತ ಮುಖ್ಯ. ಮೆಥನಾಲ್‌ನಲ್ಲಿ ಪೆಟ್ರೋಲಿಗಿಂತ ಜಾಸ್ತಿ ಶಕ್ತಿ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲ. ಕೆಜಿಗೆ ಪೆಟ್ರೋಲಿನಲ್ಲಿ ಸುಮಾರು 44 ಮೆಗಾಜೂಲ್, ಮೆಥನಾಲ್‌ನಲ್ಲಿ 20 ಮಾತ್ರ. ಎರಡು ಪಟ್ಟು ಸುರಿದಾಗ ಲೆಕ್ಕ ಹೆಚ್ಚುಕಡಿಮೆ ಸಮವಾಗುತ್ತದೆ. ಹಾಗಿದ್ದರೆ ಡ್ರ್ಯಾಗ್‌ನವರು ಅದನ್ನು ಯಾಕೆ ಬಯಸುತ್ತಾರೆ? ಎರಡು ಕಾರಣ. ಅದು ಆವಿಯಾಗುವಾಗ ಪೆಟ್ರೋಲಿನ ಮೂರು ಪಟ್ಟಿನಷ್ಟು ಶಾಖ ಹೀರುತ್ತದೆ. ಮರಾಠವಾಡಾದ ಮೇ ತಿಂಗಳಲ್ಲಿ ಆ ಕಾರ್ಬ್ಯುರೇಟರಿನ ಹೊರಮೈ ಮೇಲೆ ನೀರು ಹನಿಗಟ್ಟಿದ್ದನ್ನು ನಾನು ಕೈಯಿಂದ ಮುಟ್ಟಿ ನೋಡಿದ್ದೇನೆ. ತಂಪಾದ ಗಾಳಿ ಹೆಚ್ಚು ದಟ್ಟ, ಹೆಚ್ಚು ಗಾಳಿ ಅಂದರೆ ಹೆಚ್ಚು ಬಲ. ಎರಡನೆಯದು, ಅದರ ಆಕ್ಟೇನ್ ಎತ್ತರದ್ದು, ಒತ್ತಿದರೂ ತಾನಾಗಿ ಸಿಡಿಯುವುದಿಲ್ಲ. ಅದಕ್ಕೇ ಕಂಪ್ರೆಶನ್ ಏರಿಸಬಹುದು, ಏರಿಸಿದರೆ ಬಲ ಬರುತ್ತದೆ. ಏರಿಸದಿದ್ದರೆ ಆಕ್ಟೇನ್ ಎಷ್ಟಿದ್ದರೂ ಅದು ಬೀರುವಿನಲ್ಲಿಟ್ಟ ರೇಷ್ಮೆ ಸೀರೆ.

ಓಟ ಮುಗಿದ ಮೇಲೂ ಕೆಲಸ ಇತ್ತು. ಪ್ರತಿ ಸಲ ಮೆಥನಾಲ್ ಪೂರ್ತಿ ಹೊರಗೆ ತೆಗೆದು, ಪೆಟ್ರೋಲ್ ಹಾಕಿ ಎರಡು ನಿಮಿಷ ಓಡಿಸಿ ತೊಳೆಯುತ್ತಿದ್ದ. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ತಿನ್ನುತ್ತದೆ, ಸಾಧಾರಣ ರಬ್ಬರನ್ನು ಉಬ್ಬಿಸುತ್ತದೆ. ಇಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ಬಂದಾಗ ಬದಲಿಸುತ್ತಿದ್ದ. ಕೈಗವಸಿಲ್ಲದೆ ಮುಟ್ಟಲು ನನ್ನನ್ನು ಬಿಡಲಿಲ್ಲ. ಅದು ಚರ್ಮದ ಮೂಲಕವೂ ಮೈಗೆ ಸೇರುವ ವಿಷ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಕೊಂದ ಕಳ್ಳಭಟ್ಟಿಯನ್ನು ನಮ್ಮ ವಯಸ್ಸಿನವರು ಮರೆತಿಲ್ಲ. ಕಳ್ಳಭಟ್ಟಿ ಸಾವು ಎಂದರೆ ಹೆಚ್ಚಿನ ಸಲ ಮೆಥನಾಲ್ ಸಾವು. ನಮ್ಮ ಭಾಷೆಯಲ್ಲಿ ಪೆಟ್ರೋಲೂ ಎಣ್ಣೆ, ಕುಡಿಯುವುದೂ ಎಣ್ಣೆ. ಅವೆರಡೂ ಒಂದೇ ಟ್ಯಾಂಕಿನಲ್ಲಿ ಸೇರುವ ಕಾಲ ಬಂದೀತೆಂದು ಹಾಗೆ ಹೆಸರಿಟ್ಟವರು ಎಣಿಸಿರಲಿಕ್ಕಿಲ್ಲ.

ದೊಡ್ಡ ರೇಸಿನವರೂ ಇದೇ ರೀತಿ ನಡೆದುಕೊಂಡಿದ್ದಾರೆ. 1964ರ ಇಂಡಿಯಾನಾಪೊಲಿಸ್ 500 ಓಟದಲ್ಲಿ ಪೆಟ್ರೋಲ್ ಬೆಂಕಿಗೆ ಎಡ್ಡಿ ಸ್ಯಾಕ್ಸ್ ಮತ್ತು ಡೇವ್ ಮ್ಯಾಕ್‌ಡೊನಾಲ್ಡ್ ಬಲಿಯಾದ ಮೇಲೆ ಅಲ್ಲಿನವರು ಮೆಥನಾಲ್‌ಗೆ ಹೊರಳಿದರು. ಮೆಥನಾಲ್ ಬೆಂಕಿ ನೀರಿಗೆ ಆರುತ್ತದೆ, ಆದರೆ ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. 1981ರಲ್ಲಿ ರಿಕ್ ಮಿಯರ್ಸ್ ಎಂಬ ಚಾಲಕ ಪಿಟ್‌ನಲ್ಲಿ ಕಾಣದ ಬೆಂಕಿಯಲ್ಲಿ ಉರಿಯುತ್ತ ಓಡಾಡಿದ ದೃಶ್ಯ ಇಂದಿಗೂ ನೋಡಲು ಸಿಗುತ್ತದೆ. 2007ರಲ್ಲಿ ಅದೇ ಇಂಡಿ ಕಾರುಗಳು ಮೆಥನಾಲ್ ಬಿಟ್ಟು ಎಥನಾಲ್‌ಗೆ ಬಂದವು. ಒಂದು ಆಲ್ಕೋಹಾಲಿನಿಂದ ಇನ್ನೊಂದಕ್ಕೆ, ಅಷ್ಟೇ ಬದಲಾವಣೆ. ಅದಕ್ಕೂ ಇಂಜಿನ್ನನ್ನು 3 ಲೀಟರಿನಿಂದ 3.5 ಲೀಟರಿಗೆ ಏರಿಸಿದರು, ಟ್ಯಾಂಕನ್ನು 30 ಗ್ಯಾಲನ್‌ನಿಂದ 22 ಗ್ಯಾಲನ್‌ಗೆ ಇಳಿಸಿದರು. ಇಂಧನ ಬದಲಾದರೆ ಯಂತ್ರವೂ ಬದಲಾಗಬೇಕು ಎಂಬುದರಲ್ಲಿ ರೇಸಿನವರಲ್ಲಿ ಎರಡು ಮಾತಿಲ್ಲ.

ಈಗ ನಮ್ಮ ಊರಿನ ಪೆಟ್ರೋಲ್ ಬಂಕಿಗೆ ಬರೋಣ.

ವಾಳೂಜ್ ಇರುವುದೇ ಬೈಕಿನಿಂದ. 1985ರಲ್ಲಿ ರಾಷ್ಟ್ರಪತಿ ಜೈಲ್ ಸಿಂಗ್ ಇಲ್ಲಿ ಬಜಾಜ್ ಸ್ಥಾವರ ಉದ್ಘಾಟಿಸಿದರು. ಅದರ ಸುತ್ತ ಬಿಡಿಭಾಗದ ಕಾರ್ಖಾನೆಗಳು ಬಂದವು, ಕೆಲಸ ಹುಡುಕಿ ಕಲಬುರಗಿ, ಬೀದರ್ ಕಡೆಯಿಂದ ನಮ್ಮಂಥವರೂ ಬಂದೆವು. ಇಲ್ಲಿ ಬೈಕೂ ತಯಾರಾಗುತ್ತದೆ, ಬಿಯರೂ ತಯಾರಾಗುತ್ತದೆ. ಆಲ್ಕೋಹಾಲ್ ಇಲ್ಲಿಯವರಿಗೆ ಹೊಸದಲ್ಲ. ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಯೋಗವೂ ಈ ಸೀಮೆಯದೇ. ಇಲ್ಲಿಂದ ಪಶ್ಚಿಮಕ್ಕಿರುವ ನಾಸಿಕ್ ಜಿಲ್ಲೆಯ ಮನ್ಮಾಡ್, ಮತ್ತು ಸಾಂಗ್ಲಿ ಜಿಲ್ಲೆಯ ಮಿರಜ್, ಈ ಎರಡು ಕಡೆ 2001ರಲ್ಲಿ ಮೊದಲು ಬೆರೆಸಿ ನೋಡಿದರು. 2003ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ. 5 ಎಥನಾಲ್ ಬಂತು. ಅಲ್ಲಿಂದ ಶೇ. 10 ಮುಟ್ಟಲು 2022ರ ಜೂನ್ ಆಯಿತು, ಸುಮಾರು ಇಪ್ಪತ್ತು ವರ್ಷ. ಹತ್ತರಿಂದ ಇಪ್ಪತ್ತಕ್ಕೆ ಹೋಗಲು ಹಿಡಿದದ್ದು ಮೂರೇ ವರ್ಷ. ಮೊದಲು 2030 ಎಂದಿದ್ದ ಗುರಿಯನ್ನು ಹಿಂದಕ್ಕೆ ಎಳೆದು, 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಮಾರಂಭದಲ್ಲಿ ಪ್ರಧಾನಿ ಇ20 ಪೆಟ್ರೋಲನ್ನು 84 ಬಂಕುಗಳಲ್ಲಿ ಬಿಡುಗಡೆ ಮಾಡಿದರು. 2025ಕ್ಕೆ ದೇಶಕ್ಕೆಲ್ಲ ಅದೇ.

ಈ ಅವಸರದ ಹಿಂದೆ ಒಂದು ಯೋಜನಾ ಕಾಗದ ಇತ್ತು. 2021ರ ಜೂನ್‌ನಲ್ಲಿ ನೀತಿ ಆಯೋಗ ಮತ್ತು ಪೆಟ್ರೋಲಿಯಂ ಸಚಿವಾಲಯ ಸೇರಿ ಪ್ರಕಟಿಸಿದ ಎಥನಾಲ್ ಮಾರ್ಗಸೂಚಿ. ಅದನ್ನು ಬೈಯುವ ಮೊದಲು ಓದಬೇಕು, ಯಾಕೆಂದರೆ ಅದು ಪ್ರಾಮಾಣಿಕವಾದ ಕಾಗದ. ಬರಿಯ ಪೆಟ್ರೋಲಿಗೆಂದು ರಚಿಸಿ ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ಗಾಡಿಗಳಲ್ಲಿ ಇ20 ಹಾಕಿದರೆ ಮೈಲೇಜ್ ಶೇ. 6ರಿಂದ 7, ದ್ವಿಚಕ್ರಗಳಲ್ಲಿ ಶೇ. 3ರಿಂದ 4 ಕುಸಿಯುತ್ತದೆ ಎಂದು ಅದರಲ್ಲಿದೆ. ಇಂಜಿನ್ನಿನ ಭಾಗ ಮತ್ತು ಟ್ಯೂನಿಂಗ್ ಬದಲಿಸಿದರೆ ಈ ನಷ್ಟ ತಗ್ಗಿಸಬಹುದು ಎಂದು ವಾಹನ ತಯಾರಕರು ಹೇಳಿದ್ದೂ ಇದೆ. ಹಳೆಯ ವಾಹನಗಳಿಗಾಗಿ ಇ10 ಉಳಿಸಿಕೊಳ್ಳಬೇಕೆಂದಿದೆ. ಮೈಲೇಜ್ ನಷ್ಟ ತುಂಬಿಕೊಡಲು ಇ20ರ ಮೇಲೆ ತೆರಿಗೆ ರಿಯಾಯಿತಿ ಕೊಡಬೇಕೆಂದಿದೆ. ಇ20 ತಾಳುವ ಪೈಪು, ರಬ್ಬರು ಇರುವ ವಾಹನಗಳು 2023ರ ಏಪ್ರಿಲಿನಿಂದ, ಇ20ಗೇ ಟ್ಯೂನ್ ಮಾಡಿದ ಇಂಜಿನ್‌ಗಳು 2025ರ ಏಪ್ರಿಲಿನಿಂದ ಎಂದು ದಿನಾಂಕವೂ ಇದೆ.

ಇಷ್ಟರಲ್ಲಿ ಜಾರಿಗೆ ಬಂದದ್ದು ಯಾವುದು? ಎಥನಾಲ್ ಬಂತು. ಹೊಸ ಗಾಡಿಗಳ ನಿಯಮ ಬಂತು. ಹಳೆಯ ಗಾಡಿಯವನಿಗೆ ಸಂಬಂಧಿಸಿದ ಎರಡೂ ಮಾತು, ಇ10 ಉಳಿಸುವುದು ಮತ್ತು ಬೆಲೆ ಇಳಿಸುವುದು, ಕಾಗದದಲ್ಲೇ ಉಳಿದವು. ಕೊಟ್ಟವರು ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದಿದ್ದರೆ ಅದಾದರೂ ಒಂದು ವ್ಯವಹಾರ. ಇಲ್ಲಿ ಕೊಟ್ಟದ್ದೇ ಇಲ್ಲ.

ಲೆಕ್ಕ ಮಾಡಿ ನೋಡಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಒಂದು ಲೀಟರ್ ಎಥನಾಲ್‌ನಲ್ಲಿ 21. ಐದರಲ್ಲೊಂದು ಪಾಲು ಎಥನಾಲ್ ಆದಾಗ ಲೀಟರಿನಲ್ಲಿ ಉಳಿಯುವುದು 30ಕ್ಕಿಂತ ಸ್ವಲ್ಪ ಕಡಿಮೆ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶೇ. 7ರ ಹತ್ತಿರ ಕೊರತೆ. ಬಂಕಿನ ಮೀಟರ್ ಲೀಟರನ್ನು ಅಳೆಯುತ್ತದೆ, ಬೈಕು ಓಡುವುದು ಶಕ್ತಿಯ ಮೇಲೆ. ಹಾಲಿನವನು ನೀರು ಬೆರೆಸಿದರೆ ನಾವು ಲ್ಯಾಕ್ಟೋಮೀಟರ್ ಹಿಡಿದು ಜಗಳಕ್ಕೆ ನಿಲ್ಲುತ್ತೇವೆ. ಇಲ್ಲಿ ಬೆರೆಸಿದ್ದನ್ನು ಜಾಹೀರಾತು ಮಾಡುತ್ತಾರೆ, ಬೆಲೆ ಮಾತ್ರ ಹಾಲಿನದೇ. ತಿಂಗಳಿಗೆ ಎರಡು ಸಾವಿರ ರೂಪಾಯಿ ಪೆಟ್ರೋಲ್ ಹಾಕಿಸುವ ಕಾರ್ಖಾನೆ ಕೆಲಸಗಾರನಿಗೆ, ಸರ್ಕಾರದ್ದೇ ಶೇ. 3–4ರ ಲೆಕ್ಕದಲ್ಲಿ, ತಿಂಗಳಿಗೆ ಅರವತ್ತರಿಂದ ಎಂಬತ್ತು ರೂಪಾಯಿ ಹೋಗುತ್ತದೆ. ವರ್ಷಕ್ಕೆ 720ರಿಂದ 960. ಮನೆ ಮುಳುಗುವ ಮೊತ್ತವಲ್ಲ, ಒಪ್ಪುತ್ತೇನೆ. ಸಾಮಾಜಿಕ ಜಾಲತಾಣಗಳಲ್ಲಿ "ಮೈಲೇಜ್ ಅರ್ಧಕ್ಕಿಳಿಯಿತು" ಎಂದು ಬೊಬ್ಬೆ ಹೊಡೆಯುವವರ ಜೊತೆ ನಾನಿಲ್ಲ. ಅರ್ಧಕ್ಕಿಳಿದಿದ್ದರೆ ಅದು ಎಥನಾಲ್ ಅಲ್ಲ, ನಿಮ್ಮ ಕ್ಲಚ್ ನೋಡಿಸಿ. ಆದರೆ ಕೋಟ್ಯಂತರ ಜನರ ಜೇಬಿನಿಂದ ಕೇಳದೆ, ಹೇಳದೆ ಇಷ್ಟು ತೆಗೆಯುವುದಕ್ಕೆ ತೆರಿಗೆ ಎನ್ನುತ್ತಾರೆ. ತೆರಿಗೆ ಹಾಕಲು ಶಾಸನಸಭೆ ಇದೆ.

2025ರ ಆಗಸ್ಟ್‌ನಲ್ಲಿ ಜನ ಗಲಾಟೆ ಮಾಡಿದಾಗ ಸಚಿವಾಲಯ ಉತ್ತರ ಕೊಟ್ಟಿತು. ಇ20ರಿಂದ ಆಕ್ಟೇನ್ ಏರಿದೆ, ಓಟ ಚುರುಕಾಗಿದೆ ಎಂದಿತು. ಆಕ್ಟೇನ್ ಏರಿದ್ದು ನಿಜ. ಆದರೆ ಒಂಬತ್ತೂವರೆ ಕಂಪ್ರೆಶನ್ನಿನ, 2012ರ ನನ್ನ ಬೈಕಿಗೆ ಆ ಆಕ್ಟೇನಿನಿಂದ ಏನು ಲಾಭ? ಪಿಸ್ಟನ್ ಬದಲಿಸಿ ಹೆಡ್ ಕೊರೆದ ಹುಡುಗನಿಗೆ ಲಾಭ. ಹೊಸ ಮಾದರಿಯಲ್ಲಿ ಕಂಪ್ರೆಶನ್ ಏರಿಸಿ ಮಾರುವ ಕಂಪನಿಗೆ ಲಾಭ. ರೇಷ್ಮೆ ಸೀರೆ ನನ್ನ ಬೀರುವಿನಲ್ಲೇ ಇದೆ. ಅದೇ ಉತ್ತರದಲ್ಲಿ ಬೆಲೆಯ ಪ್ರಶ್ನೆಗೂ ಸಮಜಾಯಿಷಿ ಇತ್ತು: 2020–21ರಲ್ಲಿ ಮಾರ್ಗಸೂಚಿ ಬರೆಯುವಾಗ ಎಥನಾಲ್ ಪೆಟ್ರೋಲಿಗಿಂತ ಅಗ್ಗವಿತ್ತು, ಈಗ ಅದರ ಸರಾಸರಿ ಖರೀದಿ ದರ ಸಾಗಣೆ, ಜಿಎಸ್‌ಟಿ ಸೇರಿ ಲೀಟರಿಗೆ 71.32 ರೂಪಾಯಿ, ಪೆಟ್ರೋಲಿಗಿಂತ ದುಬಾರಿ. ಅದಕ್ಕೇ ಇಳಿಸಲಾಗದು. ಅಗ್ಗವಿದ್ದಾಗ ಇಳಿಸಲಿಲ್ಲ, ದುಬಾರಿಯಾದಾಗ ಇಳಿಸಲಾಗದು ಎಂದರೆ, ಇಳಿಸುವ ಮುಹೂರ್ತ ಯಾವ ಪಂಚಾಂಗದಲ್ಲಿದೆ? ಮತ್ತೆ, ಶಕ್ತಿ ಕಡಿಮೆ ಇರುವ, ಬೆಲೆ ಹೆಚ್ಚಿರುವ ವಸ್ತುವನ್ನು ಆಯ್ಕೆಯಿಲ್ಲದೆ ಕೊಳ್ಳಬೇಕಾದವನು ಮಾತ್ರ ಬೈಕಿನವನೇ ಯಾಕೆ?

ಆಯ್ಕೆ ಕೇಳಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು. ಎಥನಾಲ್ ಇಲ್ಲದ ಪೆಟ್ರೋಲ್ ಸಿಗುವುದಿಲ್ಲವೆಂದಲ್ಲ. ದೊಡ್ಡ ಊರಿನ ಕೆಲವು ಬಂಕುಗಳಲ್ಲಿ ನೂರು ಆಕ್ಟೇನಿನ ಪೆಟ್ರೋಲ್ ಸಿಗುತ್ತದೆ, ಲೀಟರಿಗೆ 150 ರೂಪಾಯಿಗೂ ಮೇಲೆ. ಲಕ್ಷಾಂತರದ ಸೂಪರ್‌ಬೈಕ್ ಇಟ್ಟವನಿಗೆ ಆಯ್ಕೆ ಇದೆ. ಅವನ ಬೈಕಿನಲ್ಲಿ ಫ್ಯುಯೆಲ್ ಇಂಜೆಕ್ಷನ್, ಆಮ್ಲಜನಕ ಸೆನ್ಸರ್ ಎಲ್ಲ ಇದೆ. ಮಿಶ್ರಣ ತೆಳುವಾದರೆ ಕಂಪ್ಯೂಟರ್ ತಾನೇ ಇಂಧನ ಹೆಚ್ಚಿಸಿಕೊಳ್ಳುತ್ತದೆ. ಆಯ್ಕೆ ನಿಜಕ್ಕೂ ಬೇಕಾಗಿದ್ದುದು ಕಾರ್ಬ್ಯುರೇಟರ್ ಬೈಕಿನವನಿಗೆ. 2020ರ ಏಪ್ರಿಲಿನಲ್ಲಿ ಬಿಎಸ್6 ಬರುವ ತನಕ ಮಾರಾಟವಾದ ಸಾಧಾರಣ ಬೈಕುಗಳಲ್ಲಿ ಬಹುಪಾಲು ಕಾರ್ಬ್ಯುರೇಟರಿನವೇ. ಕಾರ್ಬ್ಯುರೇಟರಿಗೆ ಬುದ್ಧಿ ಇಲ್ಲ, ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಇ20ಗೆ ಬೇಕಾದ ಗಾಳಿಯ ಅನುಪಾತ ಹದಿಮೂರೂವರೆ. ಹದಿನಾಲ್ಕೂ ಮುಕ್ಕಾಲಿಗೆ ಕೊರೆದ ಜೆಟ್ಟಿನಲ್ಲಿ ಅದು ತೆಳುವಾಗಿಯೇ ಹೋಗುತ್ತದೆ. ಬೆಳಿಗ್ಗೆ ಚೋಕ್ ಎಳೆದರೂ ಹಿಡಿಯದ, ಏರಿನಲ್ಲಿ ಕೆಮ್ಮುವ, ಇಂಜಿನ್ ಹೆಚ್ಚು ಕಾಯುವ ದೂರು ಗ್ಯಾರೇಜಿಗೆ ಬಂದಾಗ ಹುಡುಗ ಮೊದಲು ನೋಡುವುದು ಬೈಕಿನ ವರ್ಷ.

ಇದಕ್ಕೆ ಪರಿಹಾರ ಏನೆಂದು ಗೊತ್ತೇ? ಮೆಥನಾಲ್‌ಗೆ ಜೆಟ್ಟಿನ ತೂತು 1.2ರಿಂದ 1.8ಕ್ಕೆ ಹೋಗಬೇಕಿತ್ತು. ಇ20ಗೆ, ಶುದ್ಧ ಪೆಟ್ರೋಲಿನ ಲೆಕ್ಕದಿಂದ, 1.2ರಿಂದ 1.25ಕ್ಕೆ ಹೋದರೆ ಸಾಕು. ಈಗಾಗಲೇ ಇ10ಕ್ಕೆ ಹೊಂದಿಸಿದ್ದರೆ ಅದಕ್ಕಿಂತಲೂ ಕಡಿಮೆ. ಜೆಟ್ಟಿನ ನಂಬರಿನ ಭಾಷೆಯಲ್ಲಿ 120 ಇದ್ದದ್ದು 122.5 ಅಥವಾ 125. ಕಡಲೆಕಾಳಿನಷ್ಟು ಹಿತ್ತಾಳೆ. ಅದರ ಜೊತೆಗೆ ಎಥನಾಲ್ ತಾಳುವ ರಬ್ಬರಿನ ಒಂದು ಪೈಪು, ಫ್ಲೋಟ್ ಸೂಜಿಯ ಮೊನೆ, ಎರಡು ಓ-ರಿಂಗು. ಇದನ್ನು ಬೀದಿಯ ಮಿಸ್ತ್ರಿಗಳು ಮನಸ್ಸಿಗೆ ಬಂದಂತೆ ಮಾಡಬಾರದು. ಹೊಗೆ ನಿಯಮದ ಪ್ರಶ್ನೆ ಇದೆ, ಮಾದರಿಯಿಂದ ಮಾದರಿಗೆ ಲೆಕ್ಕ ಬೇರೆ. ಅದಕ್ಕೇ ತಯಾರಕರು ಪರೀಕ್ಷೆ ಮಾಡಿ, ಅನುಮತಿ ಪಡೆದು, ಮಾದರಿವಾರು ಕಿಟ್ ಮಾಡಿ, ಸರ್ವಿಸ್ ಸೆಂಟರಿನಲ್ಲಿ ಹಾಕಿಕೊಡಬೇಕಿತ್ತು. ಖರ್ಚನ್ನು ಎಥನಾಲ್‌ನಿಂದ ಉಳಿದ ಹಣದಿಂದ ಕೊಡಬಹುದಿತ್ತು. ಹತ್ತು ವರ್ಷಗಳಲ್ಲಿ ಒಂದು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ವಿದೇಶಿ ವಿನಿಮಯ ಉಳಿಯಿತೆಂದು ಸರ್ಕಾರವೇ ಹೇಳುತ್ತದೆ. ಆ ಉಳಿತಾಯದಲ್ಲಿ ಒಂದು ಹಿತ್ತಾಳೆ ಜೆಟ್ಟಿಗೆ ಜಾಗ ಇರಲಿಲ್ಲವೇ?

ತಯಾರಕರಿಗೆ ಬರುವುದಿಲ್ಲವೆಂದೂ ಅಲ್ಲ. ಬ್ರೆಜಿಲ್‌ನಲ್ಲಿ ಪೆಟ್ರೋಲಿಗೆ ಶೇ. 27 ಎಥನಾಲ್ ಇತ್ತು, 2025ರ ಆಗಸ್ಟ್‌ನಿಂದ ಶೇ. 30. ನಮ್ಮ ಕಂಪನಿಗಳು ಅಲ್ಲಿಗೆ ಅದಕ್ಕೆ ಹೊಂದಿಸಿದ ಬೈಕುಗಳನ್ನೇ ಕೊಡುತ್ತವೆ; ಹಾಗೆ ಹೊಂದಿಸಿದ ಡೊಮಿನಾರ್ ಅನ್ನು ಬಜಾಜ್ 2024ರಲ್ಲಿ ದೆಹಲಿಯ ಪ್ರದರ್ಶನದಲ್ಲಿ ಇಟ್ಟಿತ್ತು. ಬ್ರೆಜಿಲ್ ಉದಾಹರಣೆಯನ್ನು ನಮ್ಮ ಸಚಿವರು ಬಾಯಿತುಂಬ ಹೇಳುತ್ತಾರೆ. ಪೂರ್ತಿ ಹೇಳುವುದಿಲ್ಲ. ಅಲ್ಲಿ 2003ರಿಂದ ಯಾವ ಪ್ರಮಾಣದ ಮಿಶ್ರಣಕ್ಕೂ ತಾನೇ ಹೊಂದಿಕೊಳ್ಳುವ ಕಾರುಗಳು ಬಂದವು. ಬಂಕಿನಲ್ಲಿ ಎಥನಾಲ್ ಬೇರೆ ನಳಿಕೆ, ಬೆರಕೆ ಪೆಟ್ರೋಲ್ ಬೇರೆ ನಳಿಕೆ, ಬೆಲೆಯೂ ಬೇರೆ ಬೇರೆ. ಎಥನಾಲ್ ಬೆಲೆ ಪೆಟ್ರೋಲಿನ ಶೇ. 70ಕ್ಕಿಂತ ಕಡಿಮೆ ಇದ್ದರೆ ಅದು ಲಾಭ, ಹೆಚ್ಚಿದ್ದರೆ ನಷ್ಟ ಎಂಬ ಲೆಕ್ಕ ಅಲ್ಲಿನ ಟ್ಯಾಕ್ಸಿ ಚಾಲಕನಿಗೆ ಬಾಯಿಪಾಠ. ಅಮೆರಿಕದಲ್ಲಿ ಶೇ. 15ರ ಬೆರಕೆಗೇ ನಳಿಕೆಯ ಮೇಲೆ ಕಿತ್ತಳೆ ಬಣ್ಣದ ಎಚ್ಚರಿಕೆ ಚೀಟಿ ಕಡ್ಡಾಯ, ಹೊಂದದ ಬೇರೆ ವಾಹನಗಳಿಗೆ ಹಾಕಬೇಡಿ ಎಂಬ ಮಾತು ಸೇರಿ. ಆಯ್ಕೆ ಕೊಟ್ಟು, ಬೆಲೆಯಲ್ಲಿ ವ್ಯತ್ಯಾಸ ಇಟ್ಟು ಆಲ್ಕೋಹಾಲ್ ಮಾರುವುದು ಸಾಧ್ಯ. ಇಪ್ಪತ್ತು ವರ್ಷದಿಂದ ಮಾಡುತ್ತಿದ್ದಾರೆ.

ರೈತರ ಮಾತು ಎತ್ತುವವರಿಗೆ ಉತ್ತರ ಕೊಡಲೇಬೇಕು, ಯಾಕೆಂದರೆ ನಾನೂ ರೈತರ ಮನೆಯವನೇ. ಎಥನಾಲ್‌ನಿಂದ ಕಬ್ಬಿನ ಬಾಕಿ ಬೇಗ ಸಿಗುವಂತಾಯಿತು ಎಂಬುದರಲ್ಲಿ ಸತ್ಯ ಇದೆ. ಆದರೆ 2025ರ ನವೆಂಬರಿನಲ್ಲಿ, ಇ20 ಗುರಿ ಮುಟ್ಟಿದ ವರ್ಷವೇ, ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರು. ಸರ್ಕಾರ 3300ಕ್ಕೆ ಒಪ್ಪಿಸಿತು. ಬೈಕಿನವನ ಜೇಬಿನಿಂದ ಹೋದದ್ದು ಗದ್ದೆಗೆ ಬಂದಿದ್ದರೆ ಆ ಜನ ಬೀದಿಗೆ ಬರಬೇಕಿರಲಿಲ್ಲ. ಇನ್ನು ನೀರು. ಅದೇ ನೀತಿ ಆಯೋಗದ ಕಾಗದ ಹೇಳುವಂತೆ, ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಮಾಡಲು ಸುಮಾರು 2860 ಲೀಟರ್ ನೀರು ಬೇಕು. ನಾನಿರುವ ಊರಿಗೆ ನೀರು ಪೈಠಣದ ಜಾಯಕವಾಡಿಯಿಂದ ಬರುತ್ತದೆ, ಜಾಯಕವಾಡಿ ತುಂಬಬೇಕಾದರೆ ಮೇಲಿನ ನಾಸಿಕ್ ಅಣೆಕಟ್ಟುಗಳಿಂದ ಬಿಡಬೇಕು, ಬಿಡುವುದಕ್ಕೆ ಪ್ರತಿ ಬರಗಾಲದಲ್ಲೂ ಜಗಳ. 2016ರಲ್ಲಿ ಮಿರಜ್‌ನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ಅದೇ ಬೇಸಿಗೆಯಲ್ಲಿ ಹೈಕೋರ್ಟಿನ ಔರಂಗಾಬಾದ್ ಪೀಠ ಇಲ್ಲಿನ ಬಿಯರ್, ಮದ್ಯದ ಕಾರ್ಖಾನೆಗಳ ನೀರನ್ನು ಮೊದಲು ಅರ್ಧ, ಆಮೇಲೆ ಶೇ. 60 ಕಡಿತ ಮಾಡಲು ಹೇಳಿತು. ಬಾಟಲಿಗೆ ಹೋಗುವ ಆಲ್ಕೋಹಾಲಿಗೆ ಬರದಲ್ಲಿ ನೀರು ಕಡಿತ, ಟ್ಯಾಂಕಿಗೆ ಹೋಗುವುದಕ್ಕೆ ದೇಶಭಕ್ತಿಯ ಪದಕ. ಈ ನೀರಿನ ವಿಷಯ ಬೇರೆಯೇ ಒಂದು ಲೇಖನದಷ್ಟಿದೆ, ಇಲ್ಲಿ ಬಿಡುತ್ತೇನೆ.

ಹೊಗೆಯ ವಾದ ಇದ್ದುದರಲ್ಲಿ ಗಟ್ಟಿ. ಎಥನಾಲ್ ಬೆರೆತಾಗ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತದೆ, ದ್ವಿಚಕ್ರಗಳಲ್ಲಿ ಹೆಚ್ಚೇ ಇಳಿಯುತ್ತದೆ. ಒಪ್ಪಿಕೊಂಡೆ. ಆದರೆ ಅದು ಇಳಿಯುವುದಕ್ಕೆ ಒಂದು ಕಾರಣ ಮಿಶ್ರಣ ತೆಳುವಾಗುವುದೇ. ನನ್ನ ಇಂಜಿನ್ ಕಾಯುವುದಕ್ಕೂ ಅದೇ ಕಾರಣ. ಊರಿನ ಗಾಳಿಗೆ ನನ್ನ ಪಿಸ್ಟನ್ನಿನಿಂದ ಕಾಣಿಕೆ ಬೇಕೆಂದರೆ ಕೊಡುತ್ತೇನೆ, ಕೇಳಿ ತೆಗೆದುಕೊಳ್ಳಿ.

ಹಾಗಾಗಿ ಬೇಡಿಕೆ ಇಷ್ಟು. ಪ್ರತಿ ನಳಿಕೆಯ ಮೇಲೆ ಶೇಕಡಾ ಎಷ್ಟು ಎಥನಾಲ್ ಎಂದು ಕನ್ನಡದಲ್ಲಿ, ಮರಾಠಿಯಲ್ಲಿ, ಆಯಾ ಊರಿನ ಭಾಷೆಯಲ್ಲಿ ದೊಡ್ಡದಾಗಿ ಬರೆಯಬೇಕು. ಶಕ್ತಿಗೆ ತಕ್ಕ ಬೆಲೆ ಇರಬೇಕು; ಶೇ. 7ರಷ್ಟು ಪೂರ್ತಿ ಕೊಡಲಾಗದಿದ್ದರೆ ಸರ್ಕಾರವೇ ಒಪ್ಪಿದ ಶೇ. 3–4 ಆದರೂ ಇಳಿಯಲಿ. ತಾಲೂಕಿಗೆ ಒಂದೆರಡು ಬಂಕುಗಳಲ್ಲಿ ಇ10 ಇಡಿ, ಹಳೆಯ ಗಾಡಿಗಳು ಸವೆದು ಹೋಗುವ ತನಕ, ಅಂದರೆ ಇನ್ನೊಂದು ಹತ್ತು ವರ್ಷ. ಕಾರ್ಬ್ಯುರೇಟರ್ ಬೈಕುಗಳಿಗೆ ಜೆಟ್ ಮತ್ತು ರಬ್ಬರಿನ ಕಿಟ್ ಕೊಡಿ. ಇಷ್ಟು ಮಾಡಿ ಆಮೇಲೆ ಇ27 ಮಾತಾಡಿ. ಈಗಾಗಲೇ ಆ ಮಾತು ಶುರುವಾಗಿದೆ. ಅಸ್ಸಾಮಿನ ತಿನ್‌ಸುಕಿಯಾದಲ್ಲಿ 2022ರಲ್ಲಿ ಪೆಟ್ರೋಲಿಗೆ ಶೇ. 15 ಮೆಥನಾಲ್ ಬೆರೆಸುವ ಪ್ರಯೋಗವೂ ಆಗಿದೆ. ಮೆಥನಾಲ್, ಆ ಹುಡುಗ ಕೈಗವಸಿಲ್ಲದೆ ನನ್ನನ್ನು ಮುಟ್ಟಗೊಡದ ವಸ್ತು. ಅದು ಬಂಕಿಗೆ ಬರುವುದಾದರೆ ಪೆಟ್ರೋಲ್ ತುಂಬುವ ಹುಡುಗಿಯ ಕೈಗೆ ಕೈಗವಸು ಯಾರು ಕೊಡುತ್ತಾರೆ ಎಂದು ಈಗಲೇ ಕೇಳಿಡುವುದು ಒಳ್ಳೆಯದು.

ಡ್ರ್ಯಾಗ್ ಬೈಕ್ ಎಂಟನೇ ಭಾನುವಾರ ಚಾಲೂ ಆಯಿತು. ತಣ್ಣಗಿದ್ದಾಗ ಮೆಥನಾಲ್ ಆವಿಯಾಗುವುದಿಲ್ಲ, ಅದಕ್ಕೆ ಕಾರ್ಬ್ಯುರೇಟರಿನ ಬಾಯಿಗೆ ಸಿರಿಂಜಿನಿಂದ ನಾಲ್ಕು ಹನಿ ಪೆಟ್ರೋಲ್ ಬಿಟ್ಟು ಒದ್ದ. ಸದ್ದು ಕೇಳಿ ಪಕ್ಕದ ಚಹಾದಂಗಡಿಯವರೆಲ್ಲ ಎದ್ದು ಬಂದರು. ಬೀದಿಯಲ್ಲಿ ಓಡಿಸಲಿಲ್ಲ; ಅದು ಅಡ್ಡೆಯ ಮೇಲೆ ಓಡಿಸುವ ಬೈಕು, ಬೀದಿಯಲ್ಲಿ ಡ್ರ್ಯಾಗ್ ಮಾಡುವವರನ್ನು ಕಂಡರೆ ಅವನಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಆಮೇಲೆ ನನ್ನ ಬೈಕನ್ನು ಒಳಗೆ ತಂದು ಕಾರ್ಬ್ಯುರೇಟರ್ ಬಿಚ್ಚಿದ. ಒಳಗಿನ ಸೂಜಿಯ ರಬ್ಬರ್ ಮೊನೆ ಉಬ್ಬಿ ಬಿರುಕು ಬಿಟ್ಟಿತ್ತು, ಬಟ್ಟಲಿನ ತಳದಲ್ಲಿ ಬಿಳಿಯ ಪುಡಿ ಕೂತಿತ್ತು. ತೊಳೆದು, ಪೈಪು ಬದಲಿಸಿ, ಡಬ್ಬಿಯಿಂದ ಒಂದು ನಂಬರ್ ದೊಡ್ಡ ಜೆಟ್ ಹೆಕ್ಕಿ ಹಾಕಿದ. ಪ್ಲಗ್ ಬಣ್ಣ ನೋಡಿದ, ಹೊಗೆ ತಪಾಸಣೆಗೆ ಕಳಿಸಿದ, ಪಾಸಾಯಿತು. ಎಷ್ಟಾಯಿತು ಎಂದು ಕೇಳಿದೆ.

"ಜೆಟ್ಟಿಂದೇನು ರೊಕ್ಕಾ ತಗೋಳ್ಳಿ ಕಾಕಾ, ಪೈಪಿಂದಷ್ಟು ಕೊಡ್ರಿ. ಚಾ ಕುಡಸ್ರಿ."